ಶೆಂಗೆನ್: ಮೂರು ದೇಶ, ಒಂದು ಸೇತುವೆ

ಯುರೋಪ್ ಪ್ರವಾಸಕ್ಕೆ ಅರ್ಜಿ ಹಾಕಿದವರೆಲ್ಲ ಬಲ್ಲ ಹೆಸರು ಶೆಂಗೆನ್. ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ ಚೀಟಿಯ ಮೇಲೆ ಅದು ಅಚ್ಚಾಗಿರುತ್ತದೆ. ಅದು ಯಾವುದೋ ಕಾನೂನಿನ ಹೆಸರೋ, ಸಂಸ್ಥೆಯ ಹೆಸರೋ ಇರಬೇಕು ಎಂದುಕೊಳ್ಳುವವರೇ ಹೆಚ್ಚು. ನಿಜದಲ್ಲಿ ಅದು ದ್ರಾಕ್ಷಿ ತೋಟಗಳ ನಡುವೆ, ಹೊಳೆಯ ದಡದಲ್ಲಿ ಕುಳಿತಿರುವ ಒಂದು ಪುಟ್ಟ ಹಳ್ಳಿ. ಲಕ್ಸೆಂಬರ್ಗ್ ಎಂಬ ಪುಟ್ಟ ದೇಶದ ಆಗ್ನೇಯ ಮೂಲೆಯಲ್ಲಿದೆ.

ಪುಟ್ಟ ದೇಶ ಎಂದರೆ ಎಷ್ಟು ಪುಟ್ಟದು? ನಮ್ಮ ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಲಕ್ಸೆಂಬರ್ಗ್ ಇರುವುದು 2,586. ಇಡೀ ದೇಶ ಕೊಡಗಿನೊಳಗೆ ಕುಳಿತು ಇನ್ನೂ ಜಾಗ ಮಿಗುತ್ತದೆ. ಜನಸಂಖ್ಯೆ ಏಳು ಲಕ್ಷಕ್ಕೂ ಕಡಿಮೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಬೇರೆ ದೇಶದ ಪೌರರು. ಇದಲ್ಲದೆ ದಿನಾ ಬೆಳಿಗ್ಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಫ್ರಾನ್ಸ್, ಜರ್ಮನಿ, ಬೆಲ್ಜಿಯಂಗಳಿಂದ ಗಡಿ ದಾಟಿ ಕೆಲಸಕ್ಕೆ ಬರುತ್ತಾರೆ, ಸಂಜೆ ಮರಳುತ್ತಾರೆ. ಒಂದು ದೇಶದಲ್ಲಿ ನಿದ್ದೆ, ಇನ್ನೊಂದು ದೇಶದಲ್ಲಿ ದುಡಿಮೆ. ಮಾಗಡಿಯಿಂದ ಬೆಂಗಳೂರಿಗೆ ಬಂದು ಹೋಗುವಷ್ಟು ಸಲೀಸು.

ನನ್ನ ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗಳು ಈ ದೇಶದಲ್ಲಿದ್ದಾರೆ. ಹೋದ ಬೇಸಿಗೆಯಲ್ಲಿ ನಾನೂ ನನ್ನ ಹೆಂಡತಿಯೂ ಅವರಲ್ಲಿಗೆ ಹೋಗಿದ್ದೆವು. ಒಂದು ಭಾನುವಾರ ಶೆಂಗೆನ್ ನೋಡಲು ಬಸ್ ಹತ್ತಿದೆವು. ಟಿಕೆಟ್ ಕೊಳ್ಳುವ ಪ್ರಶ್ನೆಯೇ ಇಲ್ಲ. 2020ರ ಮಾರ್ಚ್ 1ರಿಂದ ಆ ದೇಶದಲ್ಲಿ ಬಸ್ಸು, ಟ್ರಾಮು, ರೈಲಿನ ಸಾಧಾರಣ ದರ್ಜೆ ಎಲ್ಲರಿಗೂ ಉಚಿತ, ಪ್ರವಾಸಿಗರಿಗೂ. ಜೀವನವಿಡೀ ಲೆಕ್ಕ ಬರೆದ ನನಗೆ, ಖರ್ಚಿನ ಪುಸ್ತಕದಲ್ಲಿ ಆ ದಿನದ ಪ್ರಯಾಣದ ಎದುರು ಸೊನ್ನೆ ಬರೆಯುವಾಗ ಬಹಳ ಖುಷಿಯಾಯಿತು.

ಊರಿನ ಅಂಚಿನಲ್ಲಿ ಮೊಸೆಲ್ ನದಿ ಹರಿಯುತ್ತದೆ. ಸೇತುವೆ ದಾಟಿದರೆ ಪೆರ್ಲ್, ಅದು ಜರ್ಮನಿ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ನಡೆದರೆ ಆಪಾಕ್, ಅದು ಫ್ರಾನ್ಸ್. ಮೂರು ದೇಶಗಳು ಕೂಡುವ ಬಿಂದು ನದಿಯ ನೀರಿನಲ್ಲೇ ಇದೆ. ಸೇತುವೆಯ ಮೇಲೆ ನಿಂತ ಮೊಮ್ಮಗಳು, ‘ಗೆರೆ ಎಲ್ಲಿದೆ ತಾತ?’ ಎಂದು ಬಗ್ಗಿ ನೋಡಿದಳು. ಭೂಪಟದಲ್ಲಿ ಕಪ್ಪಗೆ ಎಳೆದಿರುವ ಗೆರೆ ನೀರಿನಲ್ಲಿ ಕಾಣಿಸಬೇಕೆಂದು ಅವಳ ನಿರೀಕ್ಷೆ. ಬಾತುಕೋಳಿಗಳ ಒಂದು ಸಾಲು ಜರ್ಮನಿಯ ಕಡೆಯಿಂದ ಲಕ್ಸೆಂಬರ್ಗಿನ ಕಡೆಗೆ ತೇಲಿ ಬರುತ್ತಿತ್ತು. ದೇಶ ಬದಲಾಯಿತೆಂದು ನನಗೆ ಗೊತ್ತಾದದ್ದು ಮೊಬೈಲಿನಿಂದ. ‘ಜರ್ಮನಿಗೆ ಸ್ವಾಗತ’ ಎಂದು ಅದು ಗುಂಯ್‌ಗುಟ್ಟಿತು.

ಹಡಗಿನ ಮೇಲೆ ಬಿದ್ದ ಸಹಿ

ಈ ಹಳ್ಳಿಗೆ ಇಷ್ಟು ಹೆಸರು ಬಂದದ್ದು 1985ರ ಜೂನ್ 14ರಂದು. ಆ ದಿನ ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್, ಫ್ರಾನ್ಸ್ ಮತ್ತು ಆಗಿನ ಪಶ್ಚಿಮ ಜರ್ಮನಿ, ಈ ಐದು ದೇಶಗಳ ಪ್ರತಿನಿಧಿಗಳು ‘ಪ್ರಿನ್ಸೆಸ್ ಮರೀ ಆಸ್ಟ್ರಿಡ್’ ಎಂಬ ನದಿ ಹಡಗಿನಲ್ಲಿ ಕುಳಿತು ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ನಡುವಿನ ಗಡಿಗಳಲ್ಲಿ ತಪಾಸಣೆಯನ್ನು ಹಂತಹಂತವಾಗಿ ತೆಗೆಯೋಣ ಎಂಬುದು ಅದರ ಸಾರ. ಪ್ರಧಾನಮಂತ್ರಿಗಳಾರೂ ಬಂದಿರಲಿಲ್ಲ. ಕಿರಿಯ ಮಂತ್ರಿಗಳನ್ನೂ ಅಧಿಕಾರಿಗಳನ್ನೂ ಕಳಿಸಿದ್ದರು. ಇದು ಇಷ್ಟು ದೊಡ್ಡದಾಗಿ ಬೆಳೆದೀತೆಂದು ಆಗ ಹೆಚ್ಚು ಜನ ನಂಬಿರಲಿಲ್ಲ.

ಈ ಮಾತು ಹುಟ್ಟಿದ್ದಾದರೂ ಹೇಗೆ? 1984ರಲ್ಲಿ ಗಡಿಯ ಸುಂಕದ ಕಟ್ಟೆಗಳಲ್ಲಿ ದಿನಗಟ್ಟಲೆ ಕಾದು ಬೇಸತ್ತ ಲಾರಿ ಚಾಲಕರು ರಸ್ತೆಗಳಲ್ಲಿ ಲಾರಿ ನಿಲ್ಲಿಸಿ ಮುಷ್ಕರ ಹೂಡಿದರು. ಅದೇ ವರ್ಷ ಜುಲೈನಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ತಮ್ಮಿಬ್ಬರ ಗಡಿಯ ತಪಾಸಣೆ ಸಡಿಲಿಸಲು ಒಪ್ಪಿದವು. ಮರುವರ್ಷ ಉಳಿದ ಮೂರು ದೇಶ ಸೇರಿಕೊಂಡವು. ಲಾರಿಯವರ ಸಿಟ್ಟಿನಿಂದ ಒಂದು ಖಂಡದ ಬಾಗಿಲು ತೆರೆಯಿತು ಎನ್ನಬಹುದು. 1995ರ ಮಾರ್ಚ್ 26ರಂದು ಏಳು ದೇಶಗಳ ನಡುವೆ ತಪಾಸಣೆ ನಿಂತಿತು. ಈಗ ಈ ವಲಯದಲ್ಲಿ 29 ದೇಶಗಳಿವೆ.

ಹಳೆಯ ಹಡಗನ್ನು ದುರಸ್ತಿ ಮಾಡಿ, ಒಪ್ಪಂದಕ್ಕೆ 40 ವರ್ಷ ತುಂಬಿದ 2025ರಲ್ಲಿ ಮತ್ತೆ ಇದೇ ದಡಕ್ಕೆ ತಂದು ಕಟ್ಟಿದ್ದಾರೆ. ಪಕ್ಕದಲ್ಲೇ ಒಂದು ಸಣ್ಣ ವಸ್ತುಸಂಗ್ರಹಾಲಯವಿದೆ. ಹೊರಗೆ ಬರ್ಲಿನ್ ಗೋಡೆಯ ತುಂಡುಗಳನ್ನು ನಿಲ್ಲಿಸಿದ್ದಾರೆ. ದಾಟಲು ಹೋದವರನ್ನು ಗುಂಡಿಟ್ಟು ಕೊಲ್ಲುತ್ತಿದ್ದ ಗೋಡೆಯ ಚೂರು, ಯಾರೂ ತಡೆಯದ ಸೇತುವೆಯ ಹತ್ತಿರ ನಿಂತಿರುವುದನ್ನು ಮಕ್ಕಳಿಗೆ ತೋರಿಸಿದರೆ ಚರಿತ್ರೆಯ ಒಂದು ಪಾಠ ಪುಸ್ತಕವಿಲ್ಲದೆ ಮುಗಿಯುತ್ತದೆ.

ಬಾಗಿಲು ಬೇರೆ, ಮನೆ ಬೇರೆ

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಗಡಿಯಲ್ಲಿ ತಡೆಯುವವರಿಲ್ಲ ಎಂದ ಮಾತ್ರಕ್ಕೆ ಯಾರು ಬೇಕಾದರೂ ಅಲ್ಲಿ ನೆಲೆಸಬಹುದು ಎಂದಲ್ಲ. ನನ್ನ ವೀಸಾದಲ್ಲಿ ನಾನು ಮೂರೂ ದೇಶಗಳಲ್ಲಿ ಓಡಾಡಬಹುದು. ಆದರೆ ಒಂದರಲ್ಲೂ ಒಂದು ಗಂಟೆಯ ಕೂಲಿಗೆ ನಿಲ್ಲುವಂತಿಲ್ಲ. ಬಾಗಿಲು ತೆರೆದಿರುವುದು ಒಂದು ಮಾತು, ಮನೆಯೊಳಗೆ ಇರುವ ಹಕ್ಕು ಇನ್ನೊಂದು ಮಾತು.

ಆ ಎರಡನೆಯ ಹಕ್ಕು ಶೆಂಗೆನ್‌ಗಿಂತ ಹಳೆಯದು. 1957ರಲ್ಲಿ ರೋಮ್ ನಗರದಲ್ಲಿ ಆರು ದೇಶಗಳು ಮಾಡಿಕೊಂಡ ಒಪ್ಪಂದದಲ್ಲೇ ಅದರ ಬೀಜವಿತ್ತು. ಒಂದು ದೇಶದ ಕೆಲಸಗಾರ ಇನ್ನೊಂದು ದೇಶದಲ್ಲಿ ಅಲ್ಲಿನವರಂತೆಯೇ ಕೆಲಸಕ್ಕೆ ಸೇರಬಹುದು ಎಂಬುದು ಮೂಲ ವಿಚಾರ. 1993ರ ನವೆಂಬರ್‌ನಲ್ಲಿ ಜಾರಿಗೆ ಬಂದ ಮಾಸ್ಟ್ರಿಕ್ಟ್ ಒಪ್ಪಂದ ಅದನ್ನು ಕೆಲಸಗಾರರಿಂದಾಚೆಗೂ ಒಯ್ದು ‘ಒಕ್ಕೂಟದ ಪೌರತ್ವ’ ಎಂಬ ಹೊಸ ಮಾತು ತಂದಿತು. 2004ರಲ್ಲಿ ಚದುರಿದ್ದ ನಿಯಮಗಳನ್ನೆಲ್ಲ ಒಟ್ಟುಗೂಡಿಸಿ ಒಂದು ನಿರ್ದೇಶನ ಹೊರಡಿಸಿದರು. ಇಂದಿಗೂ ಅದೇ ಆಧಾರ.

ಅದರ ಸಾರವನ್ನು ನನಗೆ ತಿಳಿದಂತೆ ಸರಳವಾಗಿ ಹೇಳುತ್ತೇನೆ. ಐರೋಪ್ಯ ಒಕ್ಕೂಟದ 27 ದೇಶಗಳಲ್ಲಿ ಯಾವುದರ ಪೌರನಾದರೂ ಇನ್ನೊಂದು ಸದಸ್ಯ ದೇಶದಲ್ಲಿ ಮೂರು ತಿಂಗಳು ಗುರುತಿನ ಚೀಟಿ ಅಥವಾ ಪಾಸ್‌ಪೋರ್ಟ್ ಹಿಡಿದು ಇರಬಹುದು, ಬೇರೆ ಷರತ್ತಿಲ್ಲ. ಅದಕ್ಕೂ ಮುಂದೆ ಇರಬೇಕಾದರೆ ನಾಲ್ಕರಲ್ಲಿ ಒಂದಾಗಿರಬೇಕು: ನೌಕರ, ಸ್ವಂತ ಉದ್ಯೋಗಿ, ವಿದ್ಯಾರ್ಥಿ, ಇಲ್ಲವೇ ಸ್ವಂತ ಹಣದಲ್ಲಿ ಬದುಕಬಲ್ಲವರು. ಕೊನೆಯ ಇಬ್ಬರಿಗೆ ಆರೋಗ್ಯ ವಿಮೆಯೂ ಬೇಕು. ಐದು ವರ್ಷ ಕಾನೂನಿನ ಪ್ರಕಾರ ಒಂದೇ ಸಮನೆ ಇದ್ದರೆ ಕಾಯಂ ವಾಸದ ಹಕ್ಕು ಸಿಗುತ್ತದೆ.

ನನಗೆ ಹಿಡಿಸಿದ ಭಾಗ ಮುಂದಿನದು. ಈ ಹಕ್ಕು ಒಂಟಿಯಾಗಿ ಬರುವುದಿಲ್ಲ, ಸಂಸಾರ ಸಮೇತ ಬರುತ್ತದೆ. ಹೆಂಡತಿ ಅಥವಾ ಗಂಡ, 21 ವರ್ಷದೊಳಗಿನ ಮಕ್ಕಳು, ಆ ವಯಸ್ಸು ದಾಟಿದರೂ ಅವಲಂಬಿತರಾದ ಮಕ್ಕಳು, ಅವಲಂಬಿತ ತಂದೆತಾಯಿ, ಎಲ್ಲರೂ ಜೊತೆಗೆ ಇರಬಹುದು. ವಿದ್ಯಾರ್ಥಿಗಳ ವಿಷಯದಲ್ಲಿ ಮಾತ್ರ ತಂದೆತಾಯಿಯರಿಗೆ ನಿಯಮ ಸ್ವಲ್ಪ ಬಿಗಿ. ಕುಟುಂಬದವರು ಯುರೋಪಿನವರೇ ಆಗಿರಬೇಕೆಂದಿಲ್ಲ. ಭಾರತದವರಾಗಿದ್ದರೂ, ಬ್ರೆಜಿಲ್‌ನವರಾಗಿದ್ದರೂ ಸರಿ, ವಾಸದ ಕಾರ್ಡ್ ಪಡೆಯಬೇಕು ಅಷ್ಟೆ. ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಕೆಲಸ ಮಾಡುವ ಹಕ್ಕೂ ಉಂಟು. ಮನುಷ್ಯ ಬರೀ ಕೂಲಿಯಾಳಲ್ಲ, ಅವನ ಹಿಂದೆ ಒಂದು ಮನೆಯಿದೆ ಎಂದು ಕಾನೂನು ಒಪ್ಪಿಕೊಂಡ ಹಾಗೆ.

ಎಲ್ಲಕ್ಕೂ ಮಿತಿ ಇದ್ದೇ ಇದೆ. ನ್ಯಾಯಾಧೀಶರು, ಪೊಲೀಸರು ಮುಂತಾಗಿ ಸರ್ಕಾರದ ಅಧಿಕಾರ ಚಲಾಯಿಸುವ ಹುದ್ದೆಗಳನ್ನು ಆಯಾ ದೇಶ ತನ್ನವರಿಗೇ ಮೀಸಲಿಡಬಹುದು. ಸಾರ್ವಜನಿಕ ಭದ್ರತೆಗೆ ಧಕ್ಕೆ ತರುವವರನ್ನು ಹೊರಹಾಕಬಹುದು.

ಶೆಂಗೆನ್ ವಲಯವೂ ಒಕ್ಕೂಟವೂ ಒಂದೇ ಅಲ್ಲ ಎಂಬುದನ್ನೂ ನೆನಪಿಡಿ. ಐರ್ಲೆಂಡ್ ಒಕ್ಕೂಟದಲ್ಲಿದೆ, ಶೆಂಗೆನ್‌ನಲ್ಲಿಲ್ಲ. ಸ್ವಿಟ್ಜರ್ಲೆಂಡ್ ಶೆಂಗೆನ್‌ನಲ್ಲಿದೆ, ಒಕ್ಕೂಟದಲ್ಲಿಲ್ಲ. ಐರ್ಲೆಂಡಿಗೆ ಹೋಗುವ ಜರ್ಮನಿಯವನು ವಿಮಾನ ನಿಲ್ದಾಣದಲ್ಲಿ ಗುರುತು ತೋರಿಸಬೇಕು, ಆದರೆ ಅವನನ್ನು ಕೆಲಸಕ್ಕೆ ಸೇರದಂತೆ ಯಾರೂ ತಡೆಯುವಂತಿಲ್ಲ.

ಹರಿದ ಫೋಟೋ

ಮಗಳ ಮನೆಯ ಕೆಳಗಿನ ಅಂತಸ್ತಿನಲ್ಲಿ ಪೋರ್ಚುಗಲ್ ಮೂಲದ ಒಬ್ಬ ಅಜ್ಜಿ ಇದ್ದಾರೆ. ವಯಸ್ಸಿನಲ್ಲಿ ನಮ್ಮ ಓರಗೆಯವರು. ಲಕ್ಸೆಂಬರ್ಗಿನ ಪರದೇಶಿಗಳಲ್ಲಿ ಪೋರ್ಚುಗೀಸರದೇ ದೊಡ್ಡ ಗುಂಪು. ಅಲ್ಲಿನ ಕಟ್ಟಡ, ರಸ್ತೆ, ಸೇತುವೆಗಳಲ್ಲಿ ಅವರ ಬೆವರಿದೆ. ಅಜ್ಜಿಗೂ ನಮಗೂ ಸಾಮಾನ್ಯ ಭಾಷೆ ಇಲ್ಲ. ಮಗಳು ಫ್ರೆಂಚ್‌ನಿಂದ ಕನ್ನಡಕ್ಕೆ ತಿರುಗಿಸುತ್ತಿದ್ದಳು. ನನ್ನ ಹೆಂಡತಿಯೂ ಅಜ್ಜಿಯೂ ಮಾತ್ರ ಅಡುಗೆಮನೆಯಲ್ಲಿ ದುಭಾಷಿಯಿಲ್ಲದೆಯೇ ಸುಧಾರಿಸಿಕೊಂಡರು.

ಅವರ ಗೋಡೆಯ ಮೇಲೆ ಯುವಕನೊಬ್ಬನ ಫೋಟೋ ಇತ್ತು, ನಡುವೆ ಹರಿದು ಮತ್ತೆ ಜೋಡಿಸಿದ್ದು. ತೀರಿಹೋದ ಗಂಡನದು. 1960ರ ದಶಕದಲ್ಲಿ ಪೋರ್ಚುಗಲ್ ಸರ್ವಾಧಿಕಾರದಲ್ಲಿತ್ತು. ಬಡತನ ಒಂದು ಕಡೆ, ಆಫ್ರಿಕಾದ ವಸಾಹತುಗಳಲ್ಲಿ ಯುದ್ಧಕ್ಕೆ ಎಳೆದೊಯ್ಯುವ ಕಡ್ಡಾಯ ಸೇನೆ ಇನ್ನೊಂದು ಕಡೆ. ದೇಶ ಬಿಡಲು ಸರ್ಕಾರದ ಅಪ್ಪಣೆ ಸುಲಭವಾಗಿ ಸಿಗುತ್ತಿರಲಿಲ್ಲ. ಸಾವಿರಾರು ಮಂದಿ ರಾತ್ರಿ ಹೊತ್ತು ಸ್ಪೇನ್ ದಾಟಿ, ಪಿರನೀಸ್ ಬೆಟ್ಟ ಹತ್ತಿಳಿದು ಫ್ರಾನ್ಸ್ ಸೇರಿದರು. ಇದಕ್ಕೆ ಅವರ ಭಾಷೆಯಲ್ಲಿ ‘ಸಾಲ್ಟು’ ಎನ್ನುತ್ತಾರೆ, ಎಂದರೆ ಜಿಗಿತ. ದಾರಿ ತೋರಿಸುವವನಿಗೆ ಹಣ ಕೊಡಬೇಕು, ಆದರೆ ಅವನನ್ನು ನಂಬುವುದು ಹೇಗೆ? ಹೊರಡುವವನು ತನ್ನ ಫೋಟೋವನ್ನು ಎರಡಾಗಿ ಹರಿಯುತ್ತಿದ್ದ. ಒಂದು ತುಂಡು ಮನೆಯಲ್ಲಿ, ಒಂದು ತನ್ನ ಜೇಬಿನಲ್ಲಿ. ಸುರಕ್ಷಿತವಾಗಿ ತಲುಪಿದ ಮೇಲೆ ತನ್ನ ತುಂಡನ್ನು ಊರಿಗೆ ಕಳಿಸುತ್ತಿದ್ದ. ಎರಡೂ ಕೂಡಿದರೆ ಮನೆಯವರು ಬಾಕಿ ಹಣ ಕೊಡುತ್ತಿದ್ದರು.

ಬ್ಯಾಂಕಿನಲ್ಲಿ ಕೆಲಸ ಮಾಡಿದವನಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಸಹಿಯೂ ಇಲ್ಲ, ಮೊಹರೂ ಇಲ್ಲ, ಒಂದು ಹರಿದ ಅಂಚು ಇನ್ನೊಂದು ಹರಿದ ಅಂಚಿಗೆ ಕೂಡಬೇಕು. ಇದಕ್ಕಿಂತ ಭದ್ರವಾದ ಹುಂಡಿಯನ್ನು ನಾನು ನೋಡಿಲ್ಲ.

ಪೋರ್ಚುಗಲ್‌ನಲ್ಲಿ ಸರ್ವಾಧಿಕಾರ ಮುಗಿದದ್ದು 1974ರ ಏಪ್ರಿಲ್ 25ರಂದು. 1986ರ ಜನವರಿ 1ರಂದು ಅದು ಆಗಿನ ಐರೋಪ್ಯ ಸಮುದಾಯ ಸೇರಿತು. ಕೆಲವು ವರ್ಷಗಳ ಹೊಂದಾಣಿಕೆಯ ಅವಧಿಯ ನಂತರ ಅವರಿಗೂ ಎಲ್ಲಿ ಬೇಕಾದರೂ ದುಡಿಯುವ ಹಕ್ಕು ಬಂತು. ಈಗ ಅಜ್ಜಿಯ ಹಿರಿ ಮೊಮ್ಮಗ ಓದಲಿಕ್ಕೆಂದು ಪೋರ್ಟೊ ನಗರಕ್ಕೆ ಹೋಗಿದ್ದಾನೆ, ತಾತ ನಡೆದು ಬಂದ ದಾರಿಯಲ್ಲಿ ತಿರುಗಿ. ‘ಜೇಬಿನಲ್ಲಿ ಗುರುತಿನ ಚೀಟಿ ಇಟ್ಟುಕೊಂಡು ವಿಮಾನ ಹತ್ತಿದ. ಅವನ ತಾತನಿಗೆ ಹೇಳಿದರೆ ನಂಬುತ್ತಿರಲಿಲ್ಲ’ ಎಂದರು ಅಜ್ಜಿ.

ತೊಂಬತ್ತು ದಿನದ ಲೆಕ್ಕ

ಅಜ್ಜಿಗೆ ಅಲ್ಲಿ ಎಷ್ಟು ದಿನ ಬೇಕಾದರೂ ಇರಬಹುದು. ನಮಗೆ 90 ದಿನ. ‘ಆ ಅಜ್ಜಿ ಇಲ್ಲೇ ಇರ್ತಾರೆ, ನೀವು ಯಾಕೆ ಹೋಗಬೇಕು?’ ಎಂದು ಮೊಮ್ಮಗಳು ಕೇಳಿದಾಗ ಅವಳ ಅಮ್ಮ ಪಾತ್ರೆ ತೊಳೆಯಲು ಎದ್ದುಹೋದಳು. ಉತ್ತರ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಈ 90ರ ಲೆಕ್ಕ ಹೀಗಿದೆ. ಯಾವ ದಿನ ನಿಂತು ಹಿಂದೆ ನೋಡಿದರೂ, ಕಳೆದ 180 ದಿನಗಳಲ್ಲಿ 90ಕ್ಕಿಂತ ಹೆಚ್ಚು ದಿನ ಆ ವಲಯದಲ್ಲಿ ಇದ್ದಿರಬಾರದು. ಬಂದಿಳಿದ ದಿನವೂ ಲೆಕ್ಕ, ಹೊರಡುವ ದಿನವೂ ಲೆಕ್ಕ. ಒಂದು ದೇಶದಲ್ಲಿ ಕಳೆದದ್ದು ಎಲ್ಲ 29 ದೇಶಗಳ ಖಾತೆಗೂ ಖರ್ಚು. ನಾನು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಅಡ್ಡಗೆರೆ ಎಳೆಯುತ್ತಿದ್ದೆ. ತೀರಾ ಆಸರೆಯಿಲ್ಲದ ತಂದೆತಾಯಿಗಳಿಗೆ ಬೇರೆ ಅರ್ಜಿಯ ದಾರಿ ಉಂಟು. ಸ್ವಂತ ಮನೆ, ಪಿಂಚಣಿ ಇರುವ ನನ್ನಂಥವರಿಗೆ ಅಲ್ಲ.

ಮಗಳು ಅಲ್ಲಿರುವುದು ‘ನೀಲಿ ಕಾರ್ಡ್’ ಎಂಬ ಪರವಾನಗಿಯ ಮೇಲೆ. ಒಕ್ಕೂಟದ ಹೊರಗಿನಿಂದ ಬರುವ ಹೆಚ್ಚು ಕಲಿತ ನೌಕರರಿಗೆ ಕೊಡುವ ಅನುಮತಿ ಅದು, 2009ರಿಂದ ಇದೆ. ಒಳ್ಳೆಯದೇ. ಕುಟುಂಬವನ್ನು ಕರೆದೊಯ್ಯಬಹುದು, ಅಳಿಯನಿಗೂ ಕೆಲಸ ಮಾಡಲು ಅಡ್ಡಿಯಿಲ್ಲ. ಆದರೆ ಅದರ ಬೇರು ಇರುವುದು ನೌಕರಿಯಲ್ಲಿ.

ನಾವಿದ್ದಾಗಲೇ ಅವಳ ಕಚೇರಿಯಲ್ಲಿ ಕೆಲವರನ್ನು ಕೆಲಸದಿಂದ ತೆಗೆದರು. ಒಂದೇ ತಂಡದ ಇಬ್ಬರಿಗೆ ಒಂದೇ ದಿನ ಪತ್ರ ಬಂತು. ಒಬ್ಬ ಪೋಲೆಂಡಿನವನು, ಇನ್ನೊಬ್ಬ ನಮ್ಮ ಮೈಸೂರಿನ ಹುಡುಗ. ಪೋಲೆಂಡಿನವನು ಒಕ್ಕೂಟದ ಪೌರ. ತಾನಾಗಿ ಕೆಲಸ ಬಿಟ್ಟವನಲ್ಲವಾದ್ದರಿಂದ, ನಿರುದ್ಯೋಗಿಯೆಂದು ನೋಂದಾಯಿಸಿಕೊಂಡು ಬೇರೆ ಕೆಲಸ ಹುಡುಕುತ್ತಾ ಅಲ್ಲೇ ಇರಬಹುದು. ಮೈಸೂರಿನವನ ಕಾರ್ಡಿಗೆ ಎರಡು ವರ್ಷ ತುಂಬಿರಲಿಲ್ಲ. ಅಂಥವರಿಗೆ ಕೆಲಸವಿಲ್ಲದೆ ಇರಲು ಮೂರು ತಿಂಗಳ ಗಡುವು, ಎರಡು ವರ್ಷ ದಾಟಿದ್ದರೆ ಆರು ತಿಂಗಳು. ಅವನ ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಹೆರಿಗೆ ಎಲ್ಲಿ, ಹುಟ್ಟುವ ಮಗುವಿನ ಕಾಗದಪತ್ರ ಯಾವುದು, ಬಾಡಿಗೆ ಮನೆ ಉಳಿಸಿಕೊಳ್ಳುವುದೋ ಬಿಡುವುದೋ? ಸಂಜೆ ಮಗಳ ಮನೆಗೆ ಬಂದು ಕಾಫಿ ಮುಟ್ಟದೆ ಕೂತಿರುತ್ತಿದ್ದ. ನಾಲ್ಕೈದು ಕನ್ನಡ ಸಂಸಾರಗಳು ತಮಗೆ ಗೊತ್ತಿದ್ದ ಕಂಪನಿಗಳಿಗೆಲ್ಲ ಅವನ ಅರ್ಜಿ ಮುಟ್ಟಿಸಿದವು. ಹನ್ನೊಂದನೇ ವಾರದಲ್ಲಿ ಕೆಲಸ ಸಿಕ್ಕಿತು. ಮಗು ಅಲ್ಲೇ ಹುಟ್ಟಿತು.

ಇದನ್ನು ದೂರಾಗಿ ಹೇಳುತ್ತಿಲ್ಲ. ತನ್ನ ಮನೆಯವರಿಗೂ ನೆಂಟರಿಗೂ ಪ್ರತಿ ಮನೆಯೂ ವ್ಯತ್ಯಾಸ ಮಾಡುತ್ತದೆ. ಆದರೆ ಒಂದೇ ಮೇಜಿನಲ್ಲಿ ಕುಳಿತು ಒಂದೇ ಕೆಲಸ ಮಾಡಿದ ಇಬ್ಬರಲ್ಲಿ ಒಬ್ಬನಿಗೆ ನೌಕರಿ ಹೋದರೆ ನೌಕರಿ ಮಾತ್ರ ಹೋಗುತ್ತದೆ, ಇನ್ನೊಬ್ಬನಿಗೆ ಕಾಲ ಕೆಳಗಿನ ನೆಲವೂ ಅಲುಗುತ್ತದೆ. ವಿದೇಶಕ್ಕೆ ಹೊರಡುವ ನಮ್ಮ ಮಕ್ಕಳು ಸಂಬಳದ ಅಂಕಿಯ ಜೊತೆಗೆ ಈ ಸಾಲನ್ನೂ ಓದಿಕೊಳ್ಳುವುದು ಒಳ್ಳೆಯದು.

ಬಂಗಾರ ಬಣ್ಣದ ಗೋಪುರಗಳು

ಲಕ್ಸೆಂಬರ್ಗ್ ನಗರದ ಕಿರ್ಶ್‌ಬೆರ್ಗ್ ಎಂಬ ಎತ್ತರದ ಬಯಲಿನಲ್ಲಿ ಬಂಗಾರದ ಬಣ್ಣದ ಗೋಪುರಗಳು ಬಿಸಿಲಿಗೆ ಹೊಳೆಯುತ್ತವೆ. ಅದು ಐರೋಪ್ಯ ಒಕ್ಕೂಟದ ನ್ಯಾಯಾಲಯ. ಈ ಹಕ್ಕುಗಳ ಗಡಿಕಲ್ಲುಗಳನ್ನು ನೆಟ್ಟದ್ದು ಇಲ್ಲಿನ ತೀರ್ಪುಗಳೇ. ಎರಡನ್ನು ಹೇಳುತ್ತೇನೆ.

ಮೊದಲನೆಯದು ಒಂದು ಕೂಸಿನ ಮೊಕದ್ದಮೆ. 2000ದಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಚೀನೀ ದಂಪತಿಗೆ ಮಗಳು ಹುಟ್ಟಿದಳು. ಐರ್ಲೆಂಡ್ ದ್ವೀಪದಲ್ಲಿ ಎಲ್ಲಿ ಹುಟ್ಟಿದರೂ ಆಗ ಐರಿಷ್ ಪೌರತ್ವ ಸಿಗುತ್ತಿತ್ತು. ಹೀಗಾಗಿ ಮಗು ಐರಿಷ್, ತಾಯಿ ಚೀನೀ. ಇಬ್ಬರೂ ಬ್ರಿಟನ್ನಿನಲ್ಲಿ ಇರಲು ಅನುಮತಿ ಕೇಳಿದಾಗ ಸರ್ಕಾರ ಒಪ್ಪಲಿಲ್ಲ. 2004ರ ಅಕ್ಟೋಬರ್‌ನಲ್ಲಿ ಈ ನ್ಯಾಯಾಲಯ ಹೇಳಿತು: ಮಗುವಿಗೆ ಆರೋಗ್ಯ ವಿಮೆಯೂ ಸಾಕಷ್ಟು ಹಣವೂ ಇದೆ, ಒಕ್ಕೂಟದ ಪೌರತ್ವವೂ ಇದೆ, ಆದ್ದರಿಂದ ವಾಸದ ಹಕ್ಕು ಇದೆ. ತೊಟ್ಟಿಲ ಕೂಸು ಒಂಟಿಯಾಗಿ ಇರಲಾರದಲ್ಲ? ಸಾಕುವ ತಾಯಿಯನ್ನು ಕಳಿಸಿಬಿಟ್ಟರೆ ಮಗುವಿನ ಹಕ್ಕಿಗೆ ಅರ್ಥವೇ ಇಲ್ಲ. ಆದ್ದರಿಂದ ತಾಯಿಯೂ ಇರಬಹುದು. ಮಕ್ಕಳೇ, ಸಾಮಾನ್ಯವಾಗಿ ಅಪ್ಪ ಅಮ್ಮನ ಕೈ ಹಿಡಿದು ಮಕ್ಕಳು ನಡೆಯುತ್ತಾರೆ. ಇಲ್ಲಿ ಮಗುವಿನ ಕೈ ಹಿಡಿದು ತಾಯಿ ನಡೆದಳು.

ಎರಡನೆಯದು ನಮ್ಮ ದೇಶದವನೊಬ್ಬನದು. 1992ರ ಜುಲೈ 7ರ ತೀರ್ಪು, ಸುರಿಂದರ್ ಸಿಂಗ್ ಪ್ರಕರಣವೆಂದೇ ಪ್ರಸಿದ್ಧ. ಭಾರತೀಯ ಗಂಡ, ಬ್ರಿಟಿಷ್ ಪ್ರಜೆಯಾದ ಹೆಂಡತಿ. ಇಬ್ಬರೂ ಜರ್ಮನಿಗೆ ಹೋಗಿ ಕೆಲವು ವರ್ಷ ದುಡಿದು ಬ್ರಿಟನ್ನಿಗೆ ಮರಳಿದರು. ಗಂಡನಿಗೆ ಅನ್ವಯಿಸಬೇಕಾದದ್ದು ಬ್ರಿಟನ್ನಿನ ವಲಸೆ ಕಾನೂನೋ, ಯುರೋಪಿನ ಸಮುದಾಯದ ಕಾನೂನೋ ಎಂಬುದು ಪ್ರಶ್ನೆ. ಇನ್ನೊಂದು ಸದಸ್ಯ ದೇಶದಲ್ಲಿ ದುಡಿದು ತವರಿಗೆ ಮರಳುವವರಿಗೆ, ಸಂಗಾತಿಯನ್ನು ಕರೆತರುವ ವಿಷಯದಲ್ಲಿ, ಸಮುದಾಯದ ಕಾನೂನಿನ ರಕ್ಷಣೆ ಇದೆ ಎಂದಿತು ನ್ಯಾಯಾಲಯ. ಇಲ್ಲವಾದರೆ, ಮರಳುವಾಗ ತೊಂದರೆಯಾದೀತೆಂದು ಹೆದರಿ ಜನ ಹೊರಗೆ ಹೋಗುವುದೇ ಇಲ್ಲ ಎಂಬುದು ಅದರ ವಾದ. ಯುರೋಪಿನ ವಕೀಲರ ಬಾಯಲ್ಲಿ ಇಂದಿಗೂ ಇದು ‘ಸುರಿಂದರ್ ಸಿಂಗ್ ದಾರಿ’.

ಇವು ಪುಸ್ತಕದ ಮಾತಷ್ಟೇ ಅಲ್ಲ ಎಂದು ತೋರಿಸಿದವರು ಹುಬ್ಬಳ್ಳಿ ಕಡೆಯ ಒಬ್ಬ ಹೆಣ್ಣುಮಗಳು. ಬೆಲ್ಜಿಯಂನವನನ್ನು ಮದುವೆಯಾಗಿ ಲಕ್ಸೆಂಬರ್ಗಿನಲ್ಲಿ ನೆಲೆಸಿದ್ದರು. ಗಂಡನ ಕೆಲಸ ಅಲ್ಲಿತ್ತು, ಅವನ ಹಕ್ಕಿನಿಂದ ಇವರ ಕಾರ್ಡ್. ನಾಲ್ಕನೇ ವರ್ಷದಲ್ಲಿ ಗಂಡ ಕಾಯಿಲೆಯಿಂದ ತೀರಿಕೊಂಡ. ಇಬ್ಬರು ಚಿಕ್ಕ ಮಕ್ಕಳು. ‘ಅವರು ಹೋದ ದುಃಖಕ್ಕಿಂತ ಮೊದಲು ಇನ್ನು ಎಲ್ಲಿಗೆ ಹೋಗಬೇಕು ಅನ್ನೋ ಹೆದರಿಕೆ ಬಂತು, ಅಂಕಲ್. ಆ ಹೆದರಿಕೆ ಬಂದದ್ದಕ್ಕೇ ಇನ್ನೂ ನಾಚಿಕೆ ಅನಿಸ್ತದ’ ಎಂದರು. ಆದರೆ ನಿಯಮದಲ್ಲಿ ಅದಕ್ಕೂ ಒಂದು ಸಾಲಿತ್ತು. ಒಕ್ಕೂಟದ ಪೌರ ತೀರಿಹೋದರೂ, ಅದಕ್ಕೆ ಮೊದಲು ಕನಿಷ್ಠ ಒಂದು ವರ್ಷ ಕುಟುಂಬದವರಾಗಿ ಅಲ್ಲಿ ವಾಸವಿದ್ದವರ ಹಕ್ಕು ಅದರಿಂದಲೇ ಹೋಗಿಬಿಡುವುದಿಲ್ಲ. ತಮ್ಮ ದುಡಿಮೆಯ ಮೇಲೆ ನಿಂತಿದ್ದರೆ ಮುಂದುವರಿಯಬಹುದು. ಅವರು ಒಂದು ಶಿಶುವಿಹಾರದಲ್ಲಿ ಕೆಲಸಕ್ಕೆ ಸೇರಿದ್ದರು. ಮಕ್ಕಳು ಅದೇ ಶಾಲೆಯಲ್ಲಿ ಮುಂದುವರಿದರು.

ಯಾರೋ ಅಧಿಕಾರಿ, ಎಲ್ಲೋ ಒಂದು ಕೋಣೆಯಲ್ಲಿ, ‘ಗಂಡ ಸತ್ತರೆ ಹೆಂಡತಿಯ ಗತಿಯೇನು?’ ಎಂದು ಮುಂಚೆಯೇ ಯೋಚಿಸಿ ಒಂದು ಸಾಲು ಬರೆದಿದ್ದ. ಸುತ್ತೋಲೆಗಳ ನಡುವೆ ಬದುಕು ಕಳೆದ ನಾನು ಒಂದು ಒಣ ಸಾಲಿಗೆ ಮನಸ್ಸಿನಲ್ಲೇ ಕೈ ಮುಗಿದದ್ದು ಅಪರೂಪ.

ಇನ್ನೊಂದು ಮಗ್ಗುಲು

ಎಲ್ಲವೂ ಚಂದ ಎಂದರೆ ಅರ್ಧ ಚಿತ್ರ ಕೊಟ್ಟ ಹಾಗಾದೀತು. ಜನ ಹೊರಟುಹೋದ ಊರುಗಳ ಕಥೆ ಬೇರೆಯೇ ಇದೆ. ರೊಮೇನಿಯಾದಂಥ ದೇಶಗಳಲ್ಲಿ ಅಪ್ಪ ಅಮ್ಮ ಪಶ್ಚಿಮಕ್ಕೆ ದುಡಿಯಲು ಹೋಗಿ ಮಕ್ಕಳು ಅಜ್ಜಿಯರ ಬಳಿ ಬೆಳೆಯುವ ಮನೆಗಳು ಬೇಕಾದಷ್ಟಿವೆ. ಇತ್ತ ಲಕ್ಸೆಂಬರ್ಗಿನಲ್ಲಿ ಮನೆಗಳ ಬೆಲೆ ಎಷ್ಟು ಏರಿದೆಯೆಂದರೆ, ಅಲ್ಲಿನವರೇ ಗಡಿಯಾಚೆ ಮನೆ ಮಾಡಿ ಬಂದು ಹೋಗುವುದುಂಟು.

ಹೊರಗಿನವರು ಹೆಚ್ಚಾದರೆಂದು ಅಸಮಾಧಾನಗೊಂಡವರೂ ಇದ್ದಾರೆ. ಬ್ರಿಟನ್ ಒಕ್ಕೂಟ ಬಿಡಲು ಇದೂ ಒಂದು ಕಾರಣ. 2020ರ ಕೊನೆಗೆ ಅಲ್ಲಿ ಈ ಮುಕ್ತ ಸಂಚಾರ ನಿಂತಿತು. ನಮ್ಮ ಕಾರವಾರದ ಪಕ್ಕದ ಗೋವಾದವರಿಗೂ ಅದರ ಬಿಸಿ ತಟ್ಟಿತು. 1961ಕ್ಕೆ ಮೊದಲು ಗೋವಾ ಪೋರ್ಚುಗೀಸರ ಕೈಯಲ್ಲಿದ್ದುದರಿಂದ ಹಲವರಿಗೆ ಪೋರ್ಚುಗಲ್ ಪೌರತ್ವ ಪಡೆಯುವ ಅವಕಾಶವಿದೆ. ಭಾರತದಲ್ಲಿ ಎರಡು ಪೌರತ್ವ ಸಲ್ಲದಾದ್ದರಿಂದ ನಮ್ಮ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಅದನ್ನು ಪಡೆದು, ಇಂಗ್ಲೆಂಡಿನ ಸ್ವಿಂಡನ್ ಊರಿನಲ್ಲಿ ನೆಲೆಸಿದ ಗೋವಾದವರು ಬಹಳ ಮಂದಿ. ಆ ಬಾಗಿಲು ಹೊಸದಾಗಿ ಹೋಗುವವರಿಗೆ ಮುಚ್ಚಿತು.

ಶೆಂಗೆನ್ ಸೇತುವೆಯೂ ಯಾವಾಗಲೂ ಹೀಗೇ ಇತ್ತೆಂದಲ್ಲ. ಕೊರೊನಾ ಬಂದ 2020ರ ಮಾರ್ಚ್‌ನಿಂದ ಮೇ ಮಧ್ಯದವರೆಗೆ ಜರ್ಮನಿ ಈ ಗಡಿಯಲ್ಲಿ ತಪಾಸಣೆ ಹಾಕಿತ್ತು. 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂ ಗಡಿಗಳಲ್ಲೂ ಮತ್ತೆ ತಪಾಸಣೆ ಶುರುಮಾಡಿತು. ಹಕ್ಕು ಕಾಗದದ ಮೇಲೆ ಭದ್ರವಾಗಿದ್ದರೂ ಬಾಗಿಲು ಕಾಯುವ ಆಸೆ ಸರ್ಕಾರಗಳಿಗೆ ಪೂರ್ತಿ ಹೋಗುವುದಿಲ್ಲ.

ನಮ್ಮ ಹೊಳೆ, ನಮ್ಮ ದಡ

ಪೆರ್ಲ್‌ನಲ್ಲಿ ಒಂದು ಪ್ರೌಢಶಾಲೆ ಇದೆ. 2007ರಲ್ಲಿ ಜರ್ಮನಿ, ಲಕ್ಸೆಂಬರ್ಗ್ ಎರಡೂ ಸೇರಿ ಕಟ್ಟಿದ್ದು. ಲಕ್ಸೆಂಬರ್ಗಿನ ಮಕ್ಕಳು ಸೇತುವೆ ದಾಟಿ ಬೇರೆ ದೇಶದ ಶಾಲೆಗೆ ಹೋಗಿ ಮಧ್ಯಾಹ್ನ ಮನೆಗೆ ಬರುತ್ತಾರೆ. ಅದರ ಮುಂದೆ ನಿಂತಾಗ ನನಗೆ ನಮ್ಮ ತಂದೆ ಹೇಳುತ್ತಿದ್ದ ತುಂಗಭದ್ರೆ ನೆನಪಾದಳು.

ನಮ್ಮದು ಹೊಸಪೇಟೆ ಕಡೆ. 1956ರ ನವೆಂಬರ್ 1ಕ್ಕೆ ಮೊದಲು ಕನ್ನಡ ನಾಡು ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಎಂದು ಹಂಚಿಹೋಗಿತ್ತು. ತಂದೆಯವರ ಬಾಲ್ಯದಲ್ಲಿ ಹಂಪಿಯ ಈ ದಡ ಬ್ರಿಟಿಷರ ಮದ್ರಾಸು, ಆನೆಗೊಂದಿಯ ಆ ದಡ ನಿಜಾಮರ ಸೀಮೆ. ಆಚೆ ಹಾಲಿ ಸಿಕ್ಕಾ ರೂಪಾಯಿ, ಈಚೆ ಕಲದಾರ. ಸರಕು ಹೊತ್ತವರಿಗೆ ಸುಂಕದ ಕರೋಡಗಿರಿ ನಾಕೆ. ಹರಿಗೋಲಿನಲ್ಲಿ ಅತ್ತೆಯ ಮನೆಗೆ ಹೋಗುವುದೆಂದರೆ ಸೆರಗಿನಲ್ಲಿ ಎರಡು ಬಗೆಯ ಕಾಸು ಕಟ್ಟಿಕೊಂಡು ಹೋಗುವುದು. ಎರಡೂ ದಡದಲ್ಲಿ ಮಾತು ಕನ್ನಡವೇ, ಬೇಸಾಯ ಭತ್ತದ್ದೇ.

ಇಂದು ನಮ್ಮ ಸಂವಿಧಾನದ 19ನೇ ವಿಧಿ ಪ್ರತಿ ಭಾರತೀಯನಿಗೂ ದೇಶದಲ್ಲಿ ಎಲ್ಲಿಗಾದರೂ ಹೋಗುವ, ನೆಲೆಸುವ, ಕೆಲಸ ಮಾಡುವ ಹಕ್ಕು ಕೊಟ್ಟಿದೆ. ಈಶಾನ್ಯದ ಕೆಲವು ರಾಜ್ಯಗಳಿಗೆ ಹೋಗಲು ಒಳಗೆರೆ ಪರವಾನಗಿ ಬೇಕೆಂಬಂಥ ಕೆಲವು ಮಿತಿಗ‌ಳು ಬಿಟ್ಟರೆ, ರಾಯಚೂರಿನಿಂದ ಬಂದವನೂ ಬಿಹಾರದಿಂದ ಬಂದವನೂ ಬೆಂಗಳೂರಿನಲ್ಲಿ ಒಂದೇ ಕಟ್ಟಡಕ್ಕೆ ಇಟ್ಟಿಗೆ ಹೊರಬಹುದು. ನಮಗೆ ಇದು ಗಾಳಿ ಬೆಳಕಿನಷ್ಟು ಸಹಜವಾಗಿಬಿಟ್ಟಿದೆ. ಯುರೋಪಿನವರು ಎರಡು ಮಹಾಯುದ್ಧ ಮಾಡಿ, ಸತ್ತವರನ್ನು ಹೂತು, ಆಮೇಲೆ ಒಂದೊಂದು ಸಾಲಾಗಿ ಬರೆದುಕೊಂಡ ಹಕ್ಕು ನಮಗೆ ಸಂವಿಧಾನದ ಜೊತೆಗೇ ಬಂತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದ ಆ ಇಟ್ಟಿಗೆಯವನ ಮಗುವಿಗೆ ಪಕ್ಕದ ಶಾಲೆಯಲ್ಲಿ ಸಲೀಸಾಗಿ ಜಾಗ ಸಿಗುತ್ತದೆಯೇ ಎಂದು ವಿಚಾರಿಸುವುದು ಮಾತ್ರ ನಮ್ಮ ನಮ್ಮ ಬೀದಿಯವರ ಕೆಲಸ.

ಹೋಗುವವರಿಗೆ

ಲಕ್ಸೆಂಬರ್ಗ್ ನಗರದಿಂದ ಶೆಂಗೆನ್‌ಗೆ ಬಸ್ಸಿದೆ, ಉಚಿತ. ಹಳ್ಳಿಯಲ್ಲಿ ರೈಲು ನಿಲ್ದಾಣವಿಲ್ಲ. ಜರ್ಮನಿ ಕಡೆಯಿಂದ ಬರುವವರು ಪೆರ್ಲ್‌ನಲ್ಲಿ ಇಳಿದು ಸೇತುವೆ ದಾಟಿ ನಡೆದು ಬರಬಹುದು. ಅರ್ಧ ದಿನ ಸಾಕು. ಹಡಗು, ವಸ್ತುಸಂಗ್ರಹಾಲಯ, ಹಳೆಯ ಕೋಟೆಮನೆ, ದ್ರಾಕ್ಷಿ ತೋಟದ ದಾರಿ ನೋಡುವಂಥವು. ಆ ಕೋಟೆಯ ಗೋಪುರವನ್ನು ಫ್ರಾನ್ಸಿನ ಲೇಖಕ ವಿಕ್ಟರ್ ಹ್ಯೂಗೊ 1871ರಲ್ಲಿ ಇಲ್ಲಿಗೆ ಬಂದಾಗ ಚಿತ್ರಿಸಿದ್ದ. ರಸ್ತೆಯುದ್ದಕ್ಕೂ ಪೆಟ್ರೋಲ್ ಬಂಕುಗಳ ಸಾಲು ಕಂಡು ಅಚ್ಚರಿಪಡಬೇಡಿ. ಲಕ್ಸೆಂಬರ್ಗಿನಲ್ಲಿ ತೆರಿಗೆ ಕಡಿಮೆಯಾದ್ದರಿಂದ ನೆರೆ ದೇಶದವರು ಟ್ಯಾಂಕ್ ತುಂಬಿಸಲು ಬರುತ್ತಾರೆ.

ಸಸ್ಯಾಹಾರಿಗಳು ಬುತ್ತಿ ಒಯ್ಯುವುದು ಕ್ಷೇಮ. ನಾವು ನದಿಯ ದಡದಲ್ಲಿ ಚಿತ್ರಾನ್ನ ಬಿಚ್ಚಿ ತಿಂದೆವು. ಯಾರೂ ತಡೆಯುವುದಿಲ್ಲವೆಂದು ಪಾಸ್‌ಪೋರ್ಟನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ನಮ್ಮಂಥ ಹೊರಗಿನವರು ಅದನ್ನು ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕು, ಪೊಲೀಸರು ಎಲ್ಲಿ ಕೇಳಿದರೂ ತೋರಿಸಬೇಕು. ವಾಪಸಾತಿಯ ಟಿಕೆಟ್ಟನ್ನು 90ನೇ ದಿನಕ್ಕೆ ತೆಗೆಯಬೇಡಿ. ವಿಮಾನ ತಡವಾದರೆ ಲೆಕ್ಕ ತಪ್ಪುತ್ತದೆ. ನಾವು 84ನೇ ದಿನ ಹೊರಟೆವು.